ಪಿಲಾಟೀಸ್ ಕಲಿಯಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ನೀನಿರುವುದು ಡ್ಯಾಲಸ್ ಬಳಿಯ ಪ್ಲೇನೋ, ಫ್ರಿಸ್ಕೊ, ಅರ್ವಿಂಗ್‌ನಲ್ಲಾಗಲಿ, ಹ್ಯೂಸ್ಟನ್ನಿನ ಕೇಟಿ, ಶುಗರ್‌ಲ್ಯಾಂಡ್ ಕಡೆಯಾಗಲಿ, ಆಸ್ಟಿನ್ ಹತ್ತಿರದ ರೌಂಡ್ ರಾಕ್, ಸೀಡರ್ ಪಾರ್ಕ್‌ನಲ್ಲಾಗಲಿ, ಟೆಕ್ಸಾಸಿನಲ್ಲಿರುವ ನಮ್ಮ ಕನ್ನಡಿಗರ ದಿನಚರಿ ಹೆಚ್ಚುಕಡಿಮೆ ಒಂದೇ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವುದು, ಉಳಿದ ಹೊತ್ತು ಕಾರಿನಲ್ಲಿ ಕೂರುವುದು. ಬೇಸಿಗೆಯಲ್ಲಿ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ ಸಂಜೆಯ ವಾಕಿಂಗೂ ನಿಲ್ಲುತ್ತದೆ. ಸೊಂಟ ಹಿಡಿಯುತ್ತದೆ, ಕತ್ತು ಬಿಗಿಯುತ್ತದೆ. ಇಂಥ ಹೊತ್ತಿನಲ್ಲಿ ಪಿಲಾಟೀಸ್ ವ್ಯಾಯಾಮ ಕಲಿಯಬೇಕೆಂದು ನಿನಗೆ ಅನ್ನಿಸಿದ್ದು ಸಂತೋಷದ ವಿಷಯ. ಆದರೆ ಹಣ ಕಟ್ಟುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಪಿಲಾಟೀಸ್ ಕಲಿತು ಕೈವಶ ಮಾಡಿಕೊಳ್ಳಬೇಕಾದ ವಿದ್ಯೆ. ಸ್ಟುಡಿಯೊದ ಥಳಕು ನೋಡಬೇಡ, ಯಂತ್ರಗಳ ಸಾಲು ನೋಡಬೇಡ. ಕಲಿಸುವವರು ಯಾರು, ಅವರ ಕಣ್ಣು ನಿನ್ನ ಮೇಲೆ ಎಷ್ಟು ಹೊತ್ತು ಇರುತ್ತದೆ ಎನ್ನುವುದನ್ನು ನೋಡು.

ಈ ಪದ್ಧತಿಯ ಹುಟ್ಟೇ ಹಾಗಿದೆ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೀಸ್ ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದರು. ಶತ್ರುದೇಶದ ಪ್ರಜೆಯೆಂದು ಅವರನ್ನು ಶಿಬಿರದಲ್ಲಿ ಕೂಡಿಹಾಕಿದರು. 1920ರ ದಶಕದಲ್ಲಿ ನ್ಯೂಯಾರ್ಕಿಗೆ ಬಂದು, ಹೆಂಡತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂನಲ್ಲಿ ಶಾಲೆ ತೆರೆದರು. ತಮ್ಮ ವಿದ್ಯೆಯನ್ನು ಅವರು ಕಂಟ್ರಾಲಜಿ ಎಂದು ಕರೆಯುತ್ತಿದ್ದರು. ಹತೋಟಿಯೇ ಅದರ ತಿರುಳು. ಒಬ್ಬೊಬ್ಬರ ಮೈಗೂ ಹೊಂದುವ ಬೇರೆ ಬೇರೆ ಕ್ರಮ ಕೊಟ್ಟು, ಪಕ್ಕದಲ್ಲಿ ನಿಂತು ತಿದ್ದುವುದು ಅಲ್ಲಿಯ ರೀತಿ. 1930ರ ದಶಕದಲ್ಲಿ ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಬೆಳೆಸಿದ, ಜಗತ್ತೇ ಇಂದು ಮೈಸೂರು ಶೈಲಿ ಎಂದು ಕರೆಯುವ ಕ್ರಮದಲ್ಲಿ ಒಂದು ಆಸನ ಪಳಗಿದ ಮೇಲೆಯೇ ಗುರು ಮುಂದಿನದನ್ನು ಕೊಡುತ್ತಾರೆ. ನ್ಯೂಯಾರ್ಕಿನಲ್ಲೂ ಮೈಸೂರಿನಲ್ಲೂ ಬೇರೆ ಬೇರೆಯಾಗಿ ಬೆಳೆದ ಈ ಎರಡು ವಿದ್ಯೆಗಳು ಒಂದು ವಿಷಯದಲ್ಲಿ ಒಪ್ಪುತ್ತವೆ: ಮೈಯನ್ನು ಒಬ್ಬೊಬ್ಬರಾಗಿಯೇ ತಿದ್ದಬೇಕು.

ಹಾಗೆ ತಿದ್ದುವ ಗುರುವನ್ನು ಹುಡುಕುವ ಹೊಣೆ ಈಗ ನಿನ್ನ ಹೆಗಲಿಗೇ ಬಿದ್ದಿದೆ. ಪಿಲಾಟೀಸ್ ಎಂಬ ಹೆಸರಿನ ಮೇಲೆ ಯಾರಿಗೂ ಒಡೆತನವಿಲ್ಲವೆಂದು 2000ದ ಅಕ್ಟೋಬರ್‌ನಲ್ಲಿ ಮ್ಯಾನ್‌ಹಟನ್ನಿನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಅಂದಿನಿಂದ ಆ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಟೆಕ್ಸಾಸಿನಲ್ಲಿ ಕ್ಷೌರ ಮಾಡುವವರಿಗೆ ರಾಜ್ಯದ ಲೈಸೆನ್ಸ್ ಬೇಕು. ಪಿಲಾಟೀಸ್ ಕಲಿಸುವವರಿಗೆ ಬೇಡ. ಹಾಗಾಗಿ ಸಂಕೋಚ ಬಿಟ್ಟು ಕೇಳು. ಎಷ್ಟು ಗಂಟೆ ತರಬೇತಿ ಆಗಿದೆ? ಚಾಪೆಯ ಮೇಲಿನ ಅಭ್ಯಾಸವನ್ನೂ ಎಲ್ಲ ಸಲಕರಣೆಗಳನ್ನೂ ಒಳಗೊಂಡ ಪೂರ್ಣ ತರಬೇತಿಗೆ ಸಾಮಾನ್ಯವಾಗಿ 450 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ವಾರಾಂತ್ಯದ ಕೋರ್ಸು ಅದಕ್ಕೆ ಸಮವಲ್ಲ. ರಾಷ್ಟ್ರೀಯ ಪ್ರಮಾಣಪತ್ರದ ಪರೀಕ್ಷೆ ಪಾಸಾಗಿದೆಯೇ? ಒಂದು ಕ್ಲಾಸಿನಲ್ಲಿ ಎಷ್ಟು ಜನ? ಅವರೂ ನಿನ್ನನ್ನು ಕೇಳಬೇಕು: ಬೆನ್ನುನೋವು, ಬಿಪಿ, ಹೆರಿಗೆ, ಶಸ್ತ್ರಚಿಕಿತ್ಸೆ ಏನಾದರೂ ಇದೆಯೇ ಎಂದು. ಏನನ್ನೂ ಕೇಳದೆ ನೇರವಾಗಿ ರಿಫಾರ್ಮರ್ ಎಂಬ ಯಂತ್ರದ ಮೇಲೆ ಮಲಗಿಸುವ ಜಾಗದಿಂದ ಎದ್ದು ಬಾ.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದೂ ಮೊದಲೇ ತಿಳಿದಿರಲಿ. ಸೊಂಟನೋವಿನ ಬಗ್ಗೆ 2015ರಲ್ಲಿ ಬಂದ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ 10 ಪ್ರಯೋಗಗಳನ್ನು, 510 ಜನರ ಫಲಿತಾಂಶವನ್ನು ಪರಿಶೀಲಿಸಿತು. ಹೆಚ್ಚೇನೂ ಚಿಕಿತ್ಸೆ ಇಲ್ಲದೆ ಇರುವುದಕ್ಕಿಂತ ಪಿಲಾಟೀಸಿನಿಂದ ನೋವು ಕಡಿಮೆಯಾಗುತ್ತದೆ, ಆದರೆ ಬೇರೆ ವ್ಯಾಯಾಮಗಳಿಗಿಂತ ಇದು ಮೇಲು ಎನ್ನಲು ಖಚಿತ ಆಧಾರವಿಲ್ಲ ಎಂದು ಅದು ಹೇಳಿತು. ಇದು ನಿರಾಶೆಯ ಮಾತಲ್ಲ. ನಿಜವಾಗಿಯೂ ಉಪಯೋಗವಿದೆ, ಪವಾಡವಿಲ್ಲ ಎಂದಷ್ಟೇ ಅರ್ಥ. ಬೆವರು ಬರಿಸಿ ಹೊಟ್ಟೆಯ ಬೊಜ್ಜು ಕರಗಿಸುವ ವ್ಯಾಯಾಮವೂ ಇದಲ್ಲ. ಸಾಮಾನ್ಯ ಪಿಲಾಟೀಸಿಗೆ ತಗಲುವ ಶಕ್ತಿ ಸಾಧಾರಣ ನಡಿಗೆಯಷ್ಟೇ. ನಮ್ಮವರಿಗೆ ಈ ಮಾತು ಇನ್ನೂ ಮುಖ್ಯ. ಭಾರತ ಮೂಲದವರಿಗೆ ಸಕ್ಕರೆ ಕಾಯಿಲೆ ಕಡಿಮೆ ತೂಕಕ್ಕೇ ಬರುತ್ತದೆ. ಅದಕ್ಕೇ ಅಮೆರಿಕದ ಡಯಾಬಿಟಿಸ್ ಸಂಘ 2015ರಿಂದ ಏಷ್ಯಾ ಮೂಲದವರ ಪರೀಕ್ಷೆಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಮಿತಿಯನ್ನು 25ರಿಂದ 23ಕ್ಕೆ ಇಳಿಸಿದೆ. ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಿಲಾಟೀಸನ್ನು ಇವುಗಳ ಜೊತೆಗೆ ಇಟ್ಟುಕೋ, ಇವುಗಳ ಬದಲಿಗೆ ಬೇಡ.

ಕೆಲವರಿಗೆ ಕಲಿಸುವವರ ಕಣ್ಣು ಬರೀ ಅನುಕೂಲವಲ್ಲ, ರಕ್ಷಣೆ. ಊರಿನಿಂದ ಬಂದ ಅಮ್ಮನನ್ನೂ ಜೊತೆಗೆ ಕರೆದೊಯ್ಯುವ ಆಸೆ ನಿನಗಿರಬಹುದು. ಮೂಳೆ ಸವೆದವರಿಗೆ ಬೆನ್ನು ಮುಂದಕ್ಕೆ ಬಾಗಿಸಿ ಏಳುವ, ಉರುಳುವ ವ್ಯಾಯಾಮಗಳು ಅಪಾಯಕಾರಿ. 1984ರಲ್ಲಿ ಪ್ರಕಟವಾದ ಮೇಯೊ ಕ್ಲಿನಿಕ್ಕಿನ ಚಿಕ್ಕ ಅಧ್ಯಯನವೊಂದರಲ್ಲಿ, ಬೆನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದ ಮಹಿಳೆಯರಲ್ಲಿ ಶೇ 89ರಷ್ಟು ಮಂದಿಗೆ ಹೊಸದಾಗಿ ಬೆನ್ನೆಲುಬಿನ ಹಾನಿ ಕಂಡಿತು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ 16. ಪಿಲಾಟೀಸಿನ ಮೊದಲ ಪಾಠಗಳಲ್ಲೇ ಮುಂದಕ್ಕೆ ಬಾಗುವುದು ಬಹಳ. ಆದ್ದರಿಂದ ಅಮ್ಮನ ಮೂಳೆಯ ಸಾಂದ್ರತೆ ಪರೀಕ್ಷೆ ಮೊದಲು ಆಗಲಿ. ಬಸುರಿಯಾಗಿದ್ದರೆ, ಬಾಣಂತನ ಈಗಷ್ಟೇ ಮುಗಿದಿದ್ದರೆ, ಡಾಕ್ಟರನ್ನು ಕೇಳಿ ಅದಕ್ಕೆ ತಕ್ಕಂತೆ ಬದಲಿಸಿದ ಕ್ರಮವನ್ನೇ ಹಿಡಿ. ನೋವು ಈಗಾಗಲೇ ಇದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು. 2019ರ ಸೆಪ್ಟೆಂಬರ್‌ನಿಂದ ಟೆಕ್ಸಾಸಿನಲ್ಲಿ ಅರ್ಹ ಫಿಸಿಯೋಥೆರಪಿಸ್ಟರು ಡಾಕ್ಟರ ಚೀಟಿ ಇಲ್ಲದೆಯೇ ನಿಗದಿತ ಅವಧಿಯವರೆಗೆ ಚಿಕಿತ್ಸೆ ಕೊಡಬಹುದು.

ನಮ್ಮದೇ ಯೋಗ ಇರುವಾಗ ಇದೇಕೆ ಎಂದು ಮನೆಯಲ್ಲಿ ಯಾರಾದರೂ ಕೇಳಬಹುದು. ಯೋಗ ಚೆನ್ನಾಗಿ ನಡೆಯುತ್ತಿದ್ದರೆ ಬಿಡಬೇಕಿಲ್ಲ. ಹೊಟ್ಟೆ, ಸೊಂಟ, ಬೆನ್ನುಗಳ ಬಲವನ್ನೇ ಗುರಿಯಾಗಿಟ್ಟು ನಿಧಾನವಾಗಿ ಚಲಿಸುವುದನ್ನು ಪಿಲಾಟೀಸ್ ಕಲಿಸುತ್ತದೆ. ಒಂದಿದ್ದರೆ ಇನ್ನೊಂದು ಬೇಡವೆಂದಿಲ್ಲ. ದುಬಾರಿ ಎನ್ನುವ ಆಕ್ಷೇಪಣೆ ಹೆಚ್ಚು ತೂಕದ್ದು. ಶಿಕ್ಷಕರ ಹತ್ತಿರ ಒಬ್ಬರೇ ಕಲಿಯುವ ಪಾಠಕ್ಕೆ ಹಣ ಹೆಚ್ಚು ಬೀಳುತ್ತದೆ, ನಿಜ. ಆದರೆ 1945ರಲ್ಲಿ ಜೋಸೆಫ್ ಪಿಲಾಟೀಸ್ ಬರೆದ ಪುಸ್ತಕದಲ್ಲಿರುವ 34 ವ್ಯಾಯಾಮಗಳಿಗೂ ಬೇಕಾದದ್ದು ಒಂದು ಚಾಪೆ ಮಾತ್ರ. ಶುರುವಿನ ಕೆಲವು ಪಾಠಗಳಿಗೆ ಖರ್ಚು ಮಾಡಿ ನೆಲೆ ಗಟ್ಟಿ ಮಾಡಿಕೊಂಡರೆ ಮುಂದೆ ಮನೆಯಲ್ಲೇ ಅಭ್ಯಾಸ ಸಾಗುತ್ತದೆ. ಡ್ಯಾಲಸ್ಸಿನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳಲ್ಲಿ ನಿನ್ನಂಥವರು ಎಷ್ಟೋ ಜನ ಇದ್ದಾರೆ. ಮೂರು ನಾಲ್ಕು ಜನ ಸೇರಿ ಒಬ್ಬ ಒಳ್ಳೆಯ ಶಿಕ್ಷಕರನ್ನು ಗೊತ್ತುಮಾಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ನಾಗಾ ಮಾಡುವುದೂ ತಪ್ಪುತ್ತದೆ. ಫೋನಿನಲ್ಲಿ ಬಿಟ್ಟಿ ವಿಡಿಯೋ ಇದೆಯಲ್ಲ ಎನ್ನುವವರಿಗೆ ಒಂದೇ ಉತ್ತರ: ನೀನು ವಿಡಿಯೋವನ್ನು ನೋಡಬಹುದು, ವಿಡಿಯೋ ನಿನ್ನನ್ನು ನೋಡಲಾರದು. ಕಲಿತದ್ದನ್ನು ನೆನಪಿಸಿಕೊಳ್ಳಲು ಅದು ಸಾಕು, ಹೊಸದಾಗಿ ಕಲಿಯಲು ಸಾಲದು.

ಅವಸರ ಬೇಡ, ತಂಗಿ. ಮೊದಮೊದಲು ವಾರಕ್ಕೆ ಎರಡು ಸಲ ಸಾಕು. ವರ್ಷದ ಒಪ್ಪಂದಕ್ಕೆ ಮೊದಲ ದಿನವೇ ಸಹಿ ಹಾಕಬೇಡ; ನಿಲ್ಲಿಸುವ ಷರತ್ತುಗಳನ್ನು ಪೂರ್ತಿ ಓದು. ಮೊದಲ ಕ್ಲಾಸು ಮುಗಿದ ಮೇಲೆ, ಇವತ್ತು ನನ್ನನ್ನು ಯಾರಾದರೂ ನೋಡಿ ತಿದ್ದಿದರೇ ಎಂದು ನಿನ್ನನ್ನೇ ಕೇಳಿಕೋ. ತಿದ್ದಿದ್ದರೆ ಅಲ್ಲೇ ಶ್ರದ್ಧೆಯಿಂದ ಕಲಿ. ಇಲ್ಲವಾದರೆ, ಸ್ಟುಡಿಯೊ ಎಷ್ಟೇ ಚೆಂದವಿರಲಿ, ಬೇರೆ ಶಿಕ್ಷಕರನ್ನು ಹುಡುಕು.

ಇಂತಿ,
ನಿನ್ನ ಹಿತ ಬಯಸುವ ಅಕ್ಕ