ಪನೀರ್ ನೀರನ್ನು ಚೆಲ್ಲುವ ಮುನ್ನ



ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡುವಾಗ ಬಟ್ಟೆಯಿಂದ ಇಳಿಯುವ ತಿಳಿನೀರನ್ನು ಏನು ಮಾಡುತ್ತೀರಿ? ಹೆಚ್ಚಿನವರು ಬಚ್ಚಲಿಗೆ ಚೆಲ್ಲುತ್ತಾರೆ. ಇಂತಹ ನೀರಿನಿಂದ ತೆಗೆದ ಸಕ್ಕರೆಯನ್ನು ಬೇರೆ ದೇಶಗಳಲ್ಲಿ ಬಿಯರ್ ತಯಾರಿಸುವವರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದರ ಕಾರಣ ತಿಳಿದರೆ ನಮಗೂ ಉಪಯೋಗವಿದೆ.

ಹಾಲಿನ ಸಕ್ಕರೆ

100 ಗ್ರಾಂ ಹಾಲಿನಲ್ಲಿ ಸುಮಾರು 4.5ರಿಂದ 5 ಗ್ರಾಂ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಹಾಲು ಒಡೆದಾಗ ಕೊಬ್ಬು ಮತ್ತು ಹೆಚ್ಚಿನ ಪ್ರೋಟೀನ್ ಪನೀರಿಗೆ ಸೇರುತ್ತವೆ. ಲ್ಯಾಕ್ಟೋಸ್ ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ಅಂದರೆ ಒಂದು ಲೀಟರ್ ಹಾಲು ಒಡೆಸಿದರೆ 30 ಗ್ರಾಂಗೂ ಹೆಚ್ಚು ಸಕ್ಕರೆ ಬಚ್ಚಲು ಸೇರುತ್ತದೆ.

ಬಿಯರಿಗೆ ಏಕೆ ಬೇಕು?

ಬಿಯರ್ ಹುದುಗಿಸುವ ಯೀಸ್ಟ್ ಧಾನ್ಯದ ಸಕ್ಕರೆಯನ್ನೂ ಹಣ್ಣಿನ ಸಕ್ಕರೆಯನ್ನೂ ತಿಂದು ಮದ್ಯಸಾರ ಮಾಡುತ್ತದೆ. ಹೀಗಾಗಿ ಹಣ್ಣು ಹಾಕಿದರೂ ಕೊನೆಗೆ ಹುಳಿಯೇ ಮುಂದಾಗುತ್ತದೆ. ಲ್ಯಾಕ್ಟೋಸನ್ನು ಮಾತ್ರ ಆ ಯೀಸ್ಟ್ ತಿನ್ನಲಾರದು. ಸಿಹಿ ಹಾಗೇ ಉಳಿಯುತ್ತದೆ. ಇಂಗ್ಲೆಂಡಿನ ಹೈತ್ ಊರಿನ ಮ್ಯಾಕೆಸನ್ ಕಂಪನಿ 20ನೇ ಶತಮಾನದ ಆರಂಭದಲ್ಲೇ ಇದನ್ನು ಹಾಕಿ ‘ಮಿಲ್ಕ್ ಸ್ಟೌಟ್’ ಎಂಬ ಬಿಯರ್ ಮಾರಿತು. ಅಮೆರಿಕದಲ್ಲಿ ಮನೆಯಲ್ಲೇ ಹಣ್ಣಿನ ಬಿಯರ್ ಮಾಡುವವರು 19 ಲೀಟರಿಗೆ ಅರ್ಧ ಕಿಲೋದಷ್ಟು ಲ್ಯಾಕ್ಟೋಸ್ ಪುಡಿ ಹಾಕುವುದುಂಟು. ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ನಮಗೆ ಬೇಕಾದದ್ದು ಮದ್ಯವಲ್ಲ, ಅದರ ಹಿಂದಿರುವ ತಿಳಿವಳಿಕೆ.

ಮಾವಿನ ಪಾನಕ

ಪನೀರ್ ಸೋಸಿದ ತಾಜಾ ನೀರು 1 ಲೀಟರ್, ಮಾವಿನ ಹಣ್ಣಿನ ತಿರುಳು 200 ಗ್ರಾಂ, ಸಕ್ಕರೆ ಅಥವಾ ಬೆಲ್ಲ 80 ಗ್ರಾಂ, ಏಲಕ್ಕಿ ಎರಡು, ಚಿಟಿಕೆ ಉಪ್ಪು ತೆಗೆದುಕೊಳ್ಳಿ. ಲ್ಯಾಕ್ಟೋಸಿನ ಸಿಹಿ ಮಂದ. ಆದ್ದರಿಂದ ಬೇರೆ ಸಿಹಿ ಬೇಕೇ ಬೇಕು. ನೀರನ್ನು ತೆಳು ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿ, ಸಕ್ಕರೆ ಹಾಕಿ ಒಂದು ಕುದಿ ಬರಿಸಿ, ಮುಚ್ಚಿಟ್ಟು ಆರಿಸಿ. ಆಮೇಲೆ ತಿರುಳು, ಏಲಕ್ಕಿ ಪುಡಿ, ಉಪ್ಪು ಬೆರೆಸಿ. ಅನಾನಸ್ ಹಾಕುವುದಾದರೆ ಹಣ್ಣನ್ನು ಮೊದಲು ಬೇಯಿಸಿಕೊಳ್ಳಿ. ಹಸಿಯಾಗಿ ಹಾಕಿದರೆ ಕಹಿಯಾಗಬಹುದು.

ಅದೇ ದಿನ ಕುಡಿದು ಮುಗಿಸಿ. ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಹೊರಗಿಡಬೇಡಿ. ಗಾಳಿಯಲ್ಲಿರುವ ಯೀಸ್ಟ್ ಹಣ್ಣು, ಬೆಲ್ಲದ ಸಕ್ಕರೆಯನ್ನು ಹುದುಗಿಸಿ ಅನಿಲ ತುಂಬಿದರೆ ಬಾಟಲಿ ಸಿಡಿಯಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಈ ಪಾನಕವೂ ಆಗದು. ಅವರಿಗೆ ತೊಂದರೆ ಕೊಡುವುದು ಇದೇ ಲ್ಯಾಕ್ಟೋಸ್. ಪಾನಕ ಬೇಡವೆನಿಸಿದ ದಿನ ತಾಜಾ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಇಲ್ಲವೇ ಸಾರಿಗೆ ಬಳಸಿ.

ಹಾಲಿನ ಕ್ಯಾನಿಗೂ ಇದೇ ಪಾಠ

ಬಿಯರಿನ ಯೀಸ್ಟ್ ತಿನ್ನಲಾರದ ಲ್ಯಾಕ್ಟೋಸ್ ಹಾಲಿನ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ಅವು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹೆಪ್ಪು ಹಾಕಿದ ಪಾತ್ರೆಯಲ್ಲಿ ಅದು ಮೊಸರು. ಸಂಘಕ್ಕೆ ಒಯ್ಯುವ ಕ್ಯಾನಿನಲ್ಲಿ ಅದೇ ನಷ್ಟ. ಹುಳಿಯಾದ ಹಾಲು ಕಾಯಿಸಿದಾಗ ಒಡೆಯುತ್ತದೆ, ಸಂಘದಲ್ಲಿ ತಿರಸ್ಕಾರವಾಗುತ್ತದೆ, ಒಂದು ಹೊತ್ತಿನ ದುಡಿಮೆ ಕೈತಪ್ಪುತ್ತದೆ.

ಆದ್ದರಿಂದ ಕರೆಯುವ ಮುನ್ನ ಕೈ, ಕೆಚ್ಚಲು ತೊಳೆದು ಒರೆಸಿ. ಕ್ಯಾನನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿ. ಕರೆದ ಹಾಲನ್ನು ಬಿಸಿಲಿನಲ್ಲಿ ನಿಲ್ಲಿಸದೆ ಬೇಗ ಸಂಘಕ್ಕೆ ತಲುಪಿಸಿ.