ಸಿಂಹದ ತಲೆ: ಹಂದಿಮಾಂಸದ ಉಂಡೆ ಮತ್ತು ಸೊಪ್ಪಿನ ಅಡುಗೆ



ಹಂದಿಮಾಂಸವನ್ನು ಸೇವಿಸುವ ರೂಢಿಯುಳ್ಳ ಕುಟುಂಬಗಳಿಗಾಗಿ ಈ ಪಾಠ. ಕೊಡಗಿನ ಪಂದಿಕರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಚೀನಾ ದೇಶದ ಜಿಯಾಂಗ್ಸು ಪ್ರಾಂತದ ಯಾಂಗ್‌ಜೌ ಸೀಮೆಯವರು ಅದೇ ಮಾಂಸದಿಂದ ದೊಡ್ಡ ಉಂಡೆಗಳನ್ನು ಕಟ್ಟಿ ಕೋಸಿನ ಎಲೆಗಳೊಡನೆ ಬೇಯಿಸುತ್ತಾರೆ. ಉಂಡೆಯು ಸಿಂಹದ ತಲೆಯಂತೆಯೂ ಎಲೆಗಳು ಅದರ ಕೇಸರದಂತೆಯೂ ಕಾಣುವುದರಿಂದ ಅದಕ್ಕೆ ‘ಸಿಂಹದ ತಲೆ’ ಎಂದು ಹೆಸರು. ಹೆಸರು ಉಗ್ರವಾದರೂ ಅಡುಗೆ ಬಹು ಮೃದು.

ಮಾಂಸವನ್ನು ಕೊಳ್ಳುವಾಗಲೇ ಎಚ್ಚರ ಬೇಕು. ಅದರಲ್ಲಿ ಅಕ್ಕಿಕಾಳಿನಿಂದ ಬಟಾಣಿಯವರೆಗಿನ ಗಾತ್ರದ ಬಿಳಿಯ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿಗಳು. ಅಂತಹ ಮಾಂಸ ಬೇಡವೇ ಬೇಡ. ಸರಿಯಾಗಿ ಬೇಯದ ಮಾಂಸದೊಡನೆ ಈ ಮರಿ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಉದ್ದನೆಯ ಹುಳುವಾಗಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದ ಮೂಲಕ ಹೊರಬೀಳುತ್ತವೆ. ಬಯಲಿನ ಮಲದಿಂದ ಸೊಪ್ಪಿನ ಮಡಿಗೂ, ತೊಳೆಯದ ಕೈಯಿಂದ ಅನ್ನಕ್ಕೂ ಸೇರಿ, ಅಲ್ಲಿಂದ ಮನುಷ್ಯನ ಹೊಟ್ಟೆ ಸೇರಿದ ಮೊಟ್ಟೆಗಳು ಮಿದುಳಿನಲ್ಲಿ ಗುಳ್ಳೆಗಳಾಗಿ ನೆಲೆಸಬಲ್ಲವು. ಮೂರ್ಛೆರೋಗದ ಕಾರಣಗಳಲ್ಲಿ ಇದೂ ಒಂದು. ಮಾಂಸವನ್ನೇ ಮುಟ್ಟದವರಿಗೂ ಈ ರೋಗ ತಗಲುವುದು ಹೀಗೆಯೇ. ಆದುದರಿಂದ ಶೌಚಗೃಹದ ಬಳಕೆ, ಸಾಬೂನಿನಿಂದ ಕೈತೊಳೆಯುವಿಕೆ ಇವೂ ಈ ಅಡುಗೆಯ ಭಾಗಗಳೆಂದೇ ತಿಳಿಯಿರಿ.

ಅರ್ಧ ಕಿಲೋ ಮಾಂಸದಲ್ಲಿ ಏಳು ಪಾಲು ಮಾಂಸಖಂಡ, ಮೂರು ಪಾಲು ಕೊಬ್ಬು ಇರಲಿ. ಯಾಂಗ್‌ಜೌ ಬಾಣಸಿಗರು ಇದನ್ನು ಅರೆಯುವುದಿಲ್ಲ. ದಾಳಿಂಬೆಯ ಕಾಳಿನಷ್ಟು ಸಣ್ಣಗೆ ಕೈಯಲ್ಲಿಯೇ ಹೆಚ್ಚುತ್ತಾರೆ. ತೋಳಿಗೆ ಶ್ರಮ ಕೊಡುವ ಈ ಕೆಲಸವನ್ನು ಪತಿಯು ವಹಿಸಿಕೊಳ್ಳಲಿ. ಶುಂಠಿ, ಈರುಳ್ಳಿ ಸೊಪ್ಪು, ಒಂದು ಮೊಟ್ಟೆ, ಒಂದು ಚಮಚ ಕಾರ್ನ್‌ಫ್ಲೋರ್, ಸ್ವಲ್ಪ ಸೋಯಾ ಸಾಸ್ ಸೇರಿಸಿ, ಅಂಟು ಬರುವವರೆಗೆ ಒಂದೇ ದಿಕ್ಕಿನಲ್ಲಿ ಕಲಸಿರಿ. ಸೋಯಾ ಸಾಸಿನಲ್ಲಿಯೇ ಉಪ್ಪು ಬಹಳ. ಬೇರೆ ಉಪ್ಪನ್ನು ಕೈಹಿಡಿದು ಹಾಕಿರಿ. ಚೀನೀಯರು ಅಕ್ಕಿಯ ಮದ್ಯವನ್ನೂ ಬೆರೆಸುವುದುಂಟು. ಗರ್ಭಿಣಿಯಿರುವ ಮನೆಯಲ್ಲಿ ಅದು ಬೇಡ. ಅದಿಲ್ಲದೆಯೂ ರುಚಿ ಕೆಡುವುದಿಲ್ಲ. ಉಪ್ಪು ನೋಡಲೆಂದು ಹಸಿ ಮಿಶ್ರಣವನ್ನು ಎಂದಿಗೂ ನಾಲಗೆಗೆ ಹಚ್ಚಬೇಡಿರಿ. ಗೋಲಿಯಷ್ಟನ್ನು ಕುದಿವ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಬಳಿಕ ರುಚಿ ನೋಡಿರಿ.

ಈ ಅಳತೆಗೆ ನಾಲ್ಕು ಉಂಡೆಗಳಾಗುತ್ತವೆ. ಕೆಲವರು ಮೊದಲು ಎಣ್ಣೆಯಲ್ಲಿ ಕೆಂಪಗೆ ಕರಿಯುತ್ತಾರೆ. ಹೊರಗಿನ ಆ ಕೆಂಪನ್ನು ನಂಬಲಾಗದು. ಒಳಗೆ ಹಸಿಯೇ ಇರಬಹುದು. ಮಣ್ಣಿನ ಮಡಕೆಯ ತಳದಲ್ಲಿ ಕೋಸಿನ ಎಲೆಗಳನ್ನು ಹಾಸಿ, ಮೇಲೆ ಉಂಡೆಗಳನ್ನಿಟ್ಟು, ಮುಳುಗುವಷ್ಟು ಬಿಸಿನೀರೆರೆದು, ಎಲೆಗಳಿಂದಲೇ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿರಿ. ಉಂಡೆಯ ನಡುಭಾಗ 71 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದರೆ ಹುಳುವಿನ ಮರಿ ಉಳಿಯದು. ಎರಡು ಗಂಟೆಯ ಕುದಿತದಲ್ಲಿ ಆ ಶಾಖ ತಾನಾಗಿ ಒಳಸೇರುತ್ತದೆ. ಆದರೂ ಒಂದು ಉಂಡೆಯನ್ನು ಸೀಳಿ, ಹಸಿಗೆಂಪು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ.

ಇಷ್ಟು ಹೊತ್ತು ಬೆಂದ ಎಲೆಯಲ್ಲಿ ‘ಸಿ’ ಜೀವಸತ್ವ ಬಹುಪಾಲು ನಷ್ಟವಾಗಿರುತ್ತದೆ. ಹರಿಯುವ ನೀರಿನಲ್ಲಿ ತೊಳೆದ ಒಂದು ಹಿಡಿ ಹೊಸ ಸೊಪ್ಪನ್ನು ಕಡೆಯ ಐದು ನಿಮಿಷಕ್ಕೆ ಸೇರಿಸಿರಿ. ಮಾಂಸದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಜೊತೆಗೆ ಉಂಡ ರಾಗಿ, ಬೇಳೆಗಳ ಕಬ್ಬಿಣಾಂಶವೂ ಹೆಚ್ಚು ದಕ್ಕಲು ಮಾಂಸ ಮತ್ತು ‘ಸಿ’ ಜೀವಸತ್ವ ಎರಡೂ ನೆರವಾಗುತ್ತವೆ. ರಕ್ತಹೀನತೆಯುಳ್ಳ ಗರ್ಭಿಣಿಗೆ ಇದು ಉತ್ತಮ ಆಹಾರ. ಆದರೆ ಆರೋಗ್ಯ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಇದರ ನೆಪದಲ್ಲಿ ನಿಲ್ಲಿಸಕೂಡದು.

ಎಲ್ಲರೂ ಉಂಡ ಬಳಿಕ ಗೃಹಿಣಿಗೆ ಸಾರು ಮಾತ್ರ ಉಳಿಯುವುದನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಉಂಡೆಗಳನ್ನಾದರೋ ಎಣಿಸಬಹುದು. ಬಡಿಸುವ ಮೊದಲೇ ಅವಳ ಪಾಲಿನ ಉಂಡೆಯನ್ನು ಅವಳ ತಟ್ಟೆಗೆ ಹಾಕಿರಿ. ಮಿಕ್ಕಿದ್ದನ್ನು ಶೀತಲ ಪೆಟ್ಟಿಗೆಯಿಲ್ಲದ ಮನೆಯಲ್ಲಿ ಮರುದಿನಕ್ಕೆ ಇಡಬೇಡಿರಿ.