ಕಾಲುಬಾಯಿ ಜ್ವರದಲ್ಲಿ ಕರುಗಳ ಹಠಾತ್ ಸಾವು



ಹಸುವಿಗೆ ಕಾಲುಬಾಯಿ ಜ್ವರ ಬಂದಾಗ ನಮ್ಮ ಗಮನವೆಲ್ಲ ಹಸುವಿನ ಮೇಲೆಯೇ ಇರುತ್ತದೆ. ಬಾಯಲ್ಲಿ ಗುಳ್ಳೆ, ಸುರಿಯುವ ಜೊಲ್ಲು, ಗೊರಸಿನ ಸಂದಿನಲ್ಲಿ ಹುಣ್ಣು, ಇಳಿದುಹೋದ ಹಾಲು, ಇವೆಲ್ಲ ಕಣ್ಣಿಗೆ ಕಾಣುವಂಥವು. ಪಕ್ಕದ ಗೂಟದಲ್ಲಿರುವ ಕರುವಿನ ಬಾಯಿ ಚೊಕ್ಕಟವಾಗಿರುತ್ತದೆ, ಕಾಲೂ ಕುಂಟುವುದಿಲ್ಲ. ಅಂಥ ಕರು ಕೆಚ್ಚಲಿಗೆ ಬಾಯಿಟ್ಟು ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ದೊಪ್ಪನೆ ಬಿದ್ದು ಪ್ರಾಣ ಬಿಡುವುದುಂಟು. ದೃಷ್ಟಿ ತಾಗಿತು, ಹಾಲು ನೆತ್ತಿಗೇರಿತು, ಹುಳು ಮುಟ್ಟಿತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ರೋಗ ತಗಲಿರುವುದು ಕರುವಿನ ಹೃದಯಕ್ಕೆ.

ಕಾಲುಬಾಯಿ ಜ್ವರವನ್ನು ನಮ್ಮ ಸೀಮೆಯ ತೆಲುಗು ಮನೆಗಳಲ್ಲಿ ಗಾಳಿಕುಂಟು ಎನ್ನುತ್ತಾರೆ. ಇದಕ್ಕೆ ಕಾರಣ ಒಂದು ವೈರಸ್. ಪ್ರಾಣಿರೋಗಗಳ ಪೈಕಿ ವೈರಸ್ಸಿನಿಂದ ಬರುವುದೆಂದು ಮೊಟ್ಟಮೊದಲು ಗೊತ್ತಾದುದು ಇದೇ. 1898ರಲ್ಲಿ ಜರ್ಮನಿಯ ಲಫ್ಲರ್ ಮತ್ತು ಫ್ರಾಷ್ ಎಂಬ ವಿಜ್ಞಾನಿಗಳು ಅದನ್ನು ತೋರಿಸಿದರು. ಬೆಳೆದ ದನದಲ್ಲಿ ಈ ವೈರಸ್ ಹೆಚ್ಚಾಗಿ ಬಾಯಿ, ಗೊರಸು, ಕೆಚ್ಚಲುಗಳನ್ನು ಹಿಡಿಯುತ್ತದೆ. ಎಳೆಗರುವಿನಲ್ಲಾದರೋ ಹೃದಯದ ಸ್ನಾಯುವಿಗೇ ಇಳಿಯುತ್ತದೆ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಾಯುತ್ತವೆ, ಬಡಿತ ತಾಳ ತಪ್ಪುತ್ತದೆ. ಹಾಲು ಕುಡಿಯುವ, ನೆಗೆಯುವ ಅಷ್ಟು ಶ್ರಮಕ್ಕೇ ಹೃದಯ ನಿಂತುಹೋಗುತ್ತದೆ. ಸತ್ತ ಕರುವನ್ನು ಪಶುವೈದ್ಯರು ಕೊಯ್ದು ನೋಡಿದರೆ ಹೃದಯದ ಮೇಲೆ ಬೂದು ಹಳದಿ ಪಟ್ಟೆಗಳು ಕಾಣುತ್ತವೆ. ಇದಕ್ಕೆ ಹುಲಿ ಹೃದಯ ಎಂದು ಹೆಸರು. ಹೆಸರು ಶೂರನದು, ಹೃದಯ ಮಾತ್ರ ಬಲು ದುರ್ಬಲ. ಆರು ತಿಂಗಳೊಳಗಿನ ಕರುಗಳಿಗೆ ಅಪಾಯ ಹೆಚ್ಚು. ಕುರಿಮರಿಗಳೂ ಹೀಗೆಯೇ ಸಾಯುತ್ತವೆ.

ಮನುಷ್ಯರಿಗೆ ಈ ರೋಗ ತಗಲುವುದು ಅತಿ ಅಪರೂಪ. ಆದರೆ ನಮಗೆ ಬರುವ ಫ್ಲೂ, ಡೆಂಗ್ಯೂ, ಕೋವಿಡ್ ಮುಂತಾದ ವೈರಸ್ ಜ್ವರಗಳು ಕೆಲವರಲ್ಲಿ ಹೃದಯದ ಸ್ನಾಯುವನ್ನು ಊದಿಸುವುದುಂಟು. ಬಹುಮಂದಿಗೆ ವಾಸಿಯಾಗುತ್ತದೆ. ಆದರೂ ಜ್ವರ ಬಿಟ್ಟ ಮರುದಿನವೇ ಗುದ್ದಲಿ ಹಿಡಿಯುವುದು, ಮೂಟೆ ಹೊರುವುದು ಸಲ್ಲದು. ಎದೆನೋವು, ಏದುಸಿರು, ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಚಿಂತಾಮಣಿಯ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ತೆಗೆಸತಕ್ಕದ್ದು.

ಮತ್ತೆ ಕೊಟ್ಟಿಗೆಯ ಮಾತಿಗೆ ಬರೋಣ. ಹಸುವಿನ ಬಾಯಲ್ಲಿ ಗುಳ್ಳೆ ಏಳುವ ಮೊದಲೇ ಅದರ ಹಾಲಿನಲ್ಲಿ ವೈರಸ್ ಇರುತ್ತದೆ. ಆದುದರಿಂದ ಊರಲ್ಲಿ ರೋಗ ಬಂದ ಸುದ್ದಿ ತಿಳಿದೊಡನೆ ಕರುವನ್ನು ದೂರ ಕಟ್ಟಿ ಪಶುವೈದ್ಯರಿಗೆ ತಿಳಿಸಬೇಕು. ರೋಗದ ಹಸುವಿನ ಕೆಚ್ಚಲಿಗೆ ಬಿಡದೆ, ಆರೋಗ್ಯವಾದ ಹಸುವಿನ ಹಾಲನ್ನು ಕಾಯಿಸಿ, ಬೆಚ್ಚಗಿರುವಾಗ ಕುಡಿಸಿರಿ. ಕರುವನ್ನು ಓಡಿಸಿ ಹಿಡಿಯುವುದು, ಕೆಡವಿ ಗೊಟ್ಟದಲ್ಲಿ ಔಷಧಿ ಹೊಯ್ಯುವುದು ಬೇಡವೇ ಬೇಡ. ಆ ಹೆದರಿಕೆಗೇ ಅದು ಸಾಯಬಹುದು. ರೋಗದಿಂದ ಎದ್ದ ಎತ್ತಿಗೂ ಕೆಲವು ವಾರ ನೊಗ ಹೂಡಬಾರದು. ಒಂದು ಲೀಟರು ನೀರಿಗೆ 40 ಗ್ರಾಂ ಬಟ್ಟೆ ಸೋಡಾ ಬೆರೆಸಿ ಕೊಟ್ಟಿಗೆಯ ನೆಲ, ಬಾನಿ, ಬಕೆಟ್ಟುಗಳನ್ನು ತೊಳೆಯಿರಿ. ಸತ್ತ ಕರುವನ್ನು ನಾಯಿಗಳಿಗೆ ಬಿಸಾಡದೆ ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು.

ಈ ವೈರಸ್ಸಿಗೆ ಮದ್ದಿಲ್ಲ, ಲಸಿಕೆಯುಂಟು. ಮುರುಗಮಲ್ಲದ ದರ್ಗಾಕ್ಕೆ ದೂರದೂರದ ವಾಹನಗಳು ಬರುತ್ತವೆ, ಆಂಧ್ರದ ಗಡಿಯೂ ಹತ್ತಿರ. ಚಕ್ರಕ್ಕೆ, ಕಾಲಿಗೆ ಅಂಟಿ ಬರುವ ಸೋಂಕನ್ನು ತಡೆಯಲು ಊರಬಾಗಿಲು ಹಾಕಲಾಗದು. 2013ರಲ್ಲಿ ಕೋಲಾರವೂ ಸೇರಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಇದು ಹಬ್ಬಿ ಸಾವಿರಾರು ದನಗಳು ಸತ್ತುದನ್ನು ಹಿರಿಯರು ಮರೆತಿಲ್ಲ. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದನ, ಎಮ್ಮೆಗಳಿಗೆ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಸೂಜಿ ಚುಚ್ಚಿದರೆ ಹಾಲು ಇಳಿಯುತ್ತದೆಂದು ಕೆಲವರು ಹಸುವನ್ನು ತೋಟಕ್ಕೆ ಹೊಡೆದುಬಿಡುತ್ತಾರೆ. ಇಳಿಯುವುದು ನಿಜ, ಎರಡು ಮೂರು ದಿನ ಮಾತ್ರ. ಡೈರಿಯಲ್ಲಿ ಆ ಮೂರು ದಿನದ ನಷ್ಟವನ್ನೂ ಒಂದು ಹೆಣ್ಣುಗರುವಿನ ಬೆಲೆಯನ್ನೂ ನೀವೇ ತೂಗಿ ನೋಡಿ. ತುಂಬುಗಬ್ಬದ ಹಸುವಾದರೆ ವೈದ್ಯರಿಗೆ ಮೊದಲೇ ಹೇಳಿರಿ.

ಲಸಿಕೆಯಾದ ತಾಯಿಯ ಗಿಣ್ಣುಹಾಲು ಕರುವನ್ನು ಮೊದಲ ಕೆಲವು ತಿಂಗಳು ಕಾಯುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೇ ಕುಡಿಸಬೇಕು. ನಾಲ್ಕು ತಿಂಗಳು ತುಂಬಿದಾಗ ಕರುವಿಗೆ ಮೊದಲ ಲಸಿಕೆ, ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಹುಟ್ಟಿದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ.